ವಾಲಿಬಾಲ್ ಸ್ಮ್ಯಾಶ್‌ಗೆ ಓಡಿ ಬರುವಾಗ ಯಾವ ಕಾಲು ಮೊದಲು, ಕೈ ಯಾವಾಗ?

ಪ್ರಶ್ನೆ: ನಾನು ಬಲಗೈ ಆಟಗಾರ. ನೆಟ್‌ನ ಎಡಬದಿಯಿಂದ ಹೊಡೆಯುತ್ತೇನೆ. ಜಂಪ್ ಚೆನ್ನಾಗಿದೆ ಅಂತ ಎಲ್ಲರೂ ಹೇಳ್ತಾರೆ. ಆದರೆ ಮ್ಯಾಚ್‌ನಲ್ಲಿ ಬಾಲ್ ತಲೆ ಹಿಂದೆ ಉಳಿದುಬಿಡುತ್ತದೆ, ಇಲ್ಲ ಅಂದ್ರೆ ನೆಟ್‌ಗೆ ಹೋಗುತ್ತದೆ. ಹೆಜ್ಜೆ ಹೇಗಿಡಬೇಕು, ಕೈ ಹೇಗೆ ಬೀಸಬೇಕು?

ಮೊದಲು ನೇರ ಉತ್ತರ. ಬಲಗೈಯವರಿಗೆ ಎಡ, ಬಲ, ಎಡ. ಎಡಗೈಯವರಿಗೆ ಬಲ, ಎಡ, ಬಲ. ನಾಲ್ಕು ಹೆಜ್ಜೆ ಇಡುವವರು ಇದಕ್ಕೂ ಮುಂಚೆ ಇನ್ನೊಂದು ಸಣ್ಣ ಹೆಜ್ಜೆ ಸೇರಿಸಿಕೊಳ್ಳುತ್ತಾರೆ, ಅಷ್ಟೇ. ಕೊನೆಯ ಎರಡು ಹೆಜ್ಜೆ ಬದಲಾಗುವುದಿಲ್ಲ.

ಆದರೆ ನಿಮ್ಮ ತೊಂದರೆ ಬರೀ ಹೆಜ್ಜೆಯ ಕ್ರಮದ್ದಲ್ಲ ಅನ್ನಿಸುತ್ತದೆ. ಬಾಲ್ ತಲೆ ಹಿಂದೆ ಉಳಿಯುತ್ತಿದೆ ಅಂದರೆ ನೀವು ಬೇಗ ಹೊರಟು ಅದರ ಕೆಳಗೆ ನುಗ್ಗುತ್ತಿದ್ದೀರಿ. ನೆಟ್‌ಗೆ ಹೋಗುವುದೂ ಹೆಚ್ಚಾಗಿ ಅದೇ ಕಾರಣಕ್ಕೆ. ಬೇಗ ಹಾರಿ, ಕೆಳಗೆ ಇಳಿಯುತ್ತಾ ಹೊಡೆದರೆ ಬಾಲ್ ತಗ್ಗಿನಲ್ಲಿ ಸಿಗುತ್ತದೆ. ಎಷ್ಟು ಜಂಪ್ ಇದ್ದರೇನು, ಉಪಯೋಗಕ್ಕೆ ಬರಲ್ಲ.

ನೆಟ್‌ನಿಂದ ಮೂರು ಮೀಟರ್ ದೂರದಲ್ಲಿರುವ ಗೆರೆಯ ಸ್ವಲ್ಪ ಹಿಂದೆ, ಪಕ್ಕದ ಗೆರೆಯ ಆಚೆ ನಿಂತುಕೊಳ್ಳಿ. ಎತ್ತರದ ಸೆಟ್ ಆದರೆ ಬಾಲ್ ಸೆಟ್ಟರ್ (ಹೊಡೆಯಲು ಬಾಲ್ ಎತ್ತಿಕೊಡುವವರು) ಕೈ ಬಿಡುವವರೆಗೂ ಹೊರಡಬೇಡಿ. ಎಲ್ಲಿಗೆ ಬರುತ್ತಿದೆ ಅಂತ ನೋಡಿ, ಮೊದಲ ಎಡ ಹೆಜ್ಜೆಯನ್ನು ನಿಧಾನವಾಗಿ, ಚಿಕ್ಕದಾಗಿ ಇಡಿ. ಈ ಹೆಜ್ಜೆ ದಿಕ್ಕು ಹಿಡಿಯಲಿಕ್ಕೆ ಮಾತ್ರ. ಶುರುವಿನಲ್ಲೇ ಜೋರಾಗಿ ಓಡಿ, ನೆಟ್ ಹತ್ತಿರ ನಿಂತು ಬಾಲ್‌ಗೆ ಕಾಯುವ ಅಭ್ಯಾಸ ನಮ್ಮಲ್ಲಿ ತುಂಬಾ ಜನಕ್ಕಿದೆ. ಓಟದ ವೇಗವೆಲ್ಲಾ ಅಲ್ಲೇ ಹಾಳಾಗುತ್ತದೆ. ನಿಧಾನದಿಂದ ಜೋರಿಗೆ ಹೋಗಬೇಕು, ಉಲ್ಟಾ ಅಲ್ಲ.

ಈಗ ಅಸಲಿ ವಿಷಯ, ಕೊನೆಯ ಎರಡು ಹೆಜ್ಜೆ. ಬಲಗಾಲಿನದು ಎಲ್ಲಕ್ಕಿಂತ ಉದ್ದದ ಹೆಜ್ಜೆ. ಹಿಮ್ಮಡಿ ಮೊದಲು ನೆಲ ಮುಟ್ಟಬೇಕು, ಮಂಡಿ ಬಗ್ಗಬೇಕು, ಸೊಂಟ ಕೆಳಗಿಳಿಯಬೇಕು. ತಕ್ಷಣ ಎಡಗಾಲು ಬಂದು ಬಲಗಾಲಿಗಿಂತ ಸ್ವಲ್ಪ ಮುಂದೆ, ಭುಜದಷ್ಟು ಅಂತರದಲ್ಲಿ ಊರಬೇಕು. ಅದರ ಬೆರಳುಗಳು ಸ್ವಲ್ಪ ಬಲಕ್ಕೆ ತಿರುಗಿರಲಿ. ಎರಡೂ ಕಾಲು ಟಕ್-ಟಕ್ ಅಂತ ಒಂದರ ಹಿಂದೆ ಒಂದು ಬೀಳಬೇಕು. ಎಡಗಾಲೇ ಬ್ರೇಕ್. ಮುಂದಕ್ಕೆ ಹೋಗುತ್ತಿದ್ದ ವೇಗವನ್ನು ಅದು ಮೇಲಕ್ಕೆ ತಿರುಗಿಸುತ್ತದೆ. ಹಾಗೆಯೇ ಮೈಯನ್ನು ಸೆಟ್ಟರ್ ಕಡೆಗೆ ತೆರೆದಿಡುತ್ತದೆ. ಬಲಗಾಲು ಕೊನೆಗೆ ಬಂದರೆ ಸೊಂಟ ಮೊದಲೇ ನೆಟ್ ಕಡೆ ತಿರುಗಿರುತ್ತದೆ. ಆಮೇಲೆ ತಿರುಗಿಸಲು ಏನೂ ಉಳಿಯಲ್ಲ. ಬರೀ ತೋಳಿನ ಬಲದಿಂದ ಹೊಡೆಯಬೇಕಾಗುತ್ತದೆ, ಭುಜಕ್ಕೂ ಕಷ್ಟ.

ಮಣ್ಣಿನ ಕೋರ್ಟ್‌ನಲ್ಲಿ ಆಡುತ್ತಿದ್ದರೆ ನಿಮಗೊಂದು ಅನುಕೂಲವಿದೆ. ನೆಲ ಗುಡಿಸಿ, ಒಮ್ಮೆ ಓಡಿ ಹಾರಿ, ಗುರುತು ನೋಡಿ. ಮೊದಲ ಎರಡು ಹೆಜ್ಜೆ ಗುರುತಿನ ನಡುವೆ ಅಂತರ ಜಾಸ್ತಿ ಇರಬೇಕು, ಕೊನೆಯ ಎರಡರ ನಡುವೆ ತೀರಾ ಕಮ್ಮಿ. ಎಡಗಾಲಿನ ಗುರುತು ನೆಟ್ ಕೆಳಗಿನ ನಡುಗೆರೆ ಕಡೆಗೆ ಜಾರಿದ್ದರೆ ಬ್ರೇಕ್ ಸರಿಯಾಗಿ ಬಿದ್ದಿಲ್ಲ ಅಂತ ಅರ್ಥ. ನೆಟ್ ಮುಟ್ಟಿ ಫೌಲ್ ಆಗುವುದು ಇಂಥ ಜಾರಿಕೆಯಿಂದಲೇ ಹೆಚ್ಚು.

ಕೈ ಬೀಸುವುದು ಬೇರೆ ಕೆಲಸ ಅಂತ ಅಂದುಕೊಳ್ಳಬೇಡಿ, ಅದು ಹೆಜ್ಜೆಯ ಜೊತೆಗೇ ಇರುತ್ತದೆ. ಬಲಗಾಲು ಉದ್ದಕ್ಕೆ ಹೋಗುವಾಗ ಎರಡೂ ಕೈ ನೇರವಾಗಿ ಹಿಂದಕ್ಕೆ, ಸೊಂಟಕ್ಕಿಂತ ಮೇಲೆ ಹೋಗಬೇಕು. ಎಡಗಾಲು ಊರುವಾಗ ತೊಡೆಯ ಪಕ್ಕದಿಂದ ರಭಸವಾಗಿ ಮೇಲೆ ಬರಬೇಕು. ಎರಡೂ ಕೈ, ಬರೀ ಬಲಗೈ ಅಲ್ಲ. ಇದರ ಬೆಲೆ ಗೊತ್ತಾಗಬೇಕಾ? ಸೊಂಟದ ಮೇಲೆ ಕೈಯಿಟ್ಟು ಒಮ್ಮೆ ಹಾರಿ, ಕೈ ಬೀಸಿ ಇನ್ನೊಮ್ಮೆ ಹಾರಿ. ಗಂಡಸರ ನೆಟ್ 2.43 ಮೀಟರ್, ಹೆಂಗಸರದ್ದು 2.24 ಮೀಟರ್. ಅಷ್ಟು ಎತ್ತರದಲ್ಲಿ ಒಂದೊಂದು ಇಂಚೂ ಲೆಕ್ಕಕ್ಕೆ ಬರುತ್ತದೆ.

ಗಾಳಿಯಲ್ಲಿ ಎಡಗೈ ಬಾಲ್ ಕಡೆ ಚಾಚಿರಲಿ. ಬಲ ಮೊಣಕೈ ಭುಜಕ್ಕಿಂತ ಕೆಳಗಿಳಿಯದಂತೆ ಹಿಂದಕ್ಕೆ ಎಳೆಯಿರಿ, ಅಂಗೈ ಕಿವಿ ಹತ್ತಿರ ಇರಲಿ. ಈಗ ಎಡಗೈಯನ್ನು ಪಕ್ಕೆಗೆ ಎಳೆದುಕೊಂಡರೆ ಮೈ ತಾನಾಗೇ ತಿರುಗುತ್ತದೆ. ಬೌಂಡರಿಯಿಂದ ಕ್ರಿಕೆಟ್ ಬಾಲ್ ಎಸೆಯುವಾಗಿನ ಹಾಗೆ ಮೊದಲು ಮೊಣಕೈ ಬರುತ್ತದೆ, ಹಿಂದೆಯೇ ಅಂಗೈ. ಕೈ ಪೂರ್ತಿ ಚಾಚಿದಾಗ, ಬಲಭುಜದ ಸ್ವಲ್ಪ ಮುಂದೆ ಬಾಲ್ ಸಿಗಬೇಕು. ಬೆರಳು ಅಗಲಿಸಿ, ಅಂಗೈಯಿಂದ ಹೊಡೆದು, ಮಣಿಕಟ್ಟನ್ನು ಬಾಲ್ ಮೇಲಿಂದ ಮಡಚಿ. ಆಗ ಬಾಲ್ ಮುಂದಕ್ಕೆ ತಿರುಗುತ್ತಾ ಹೋಗಿ ಕೋರ್ಟ್ ಒಳಗೇ ಇಳಿಯುತ್ತದೆ.

ಅಭ್ಯಾಸಕ್ಕೆ ಮೊದಲು ಬಾಲ್ ಬೇಡ. ನಡೆಯುತ್ತಾ ಎಡ, ಬಲ-ಎಡ ಅಂತ ಬಾಯಲ್ಲಿ ಹೇಳಿಕೊಂಡು ಕೈ ಸೇರಿಸಿ. ಆಮೇಲೆ ಕೈಯಲ್ಲಿ ಟೆನಿಸ್ ಬಾಲ್ ಹಿಡಿದು, ಓಡಿ ಹಾರಿ, ನೆಟ್ ಮೇಲಿಂದ ಆಚೆ ನೆಲಕ್ಕೆ ಎಸೆಯಿರಿ. ಟೈಮಿಂಗ್ ತಲೆನೋವಿಲ್ಲದೆ ಹೆಜ್ಜೆ, ಕೈ ಎರಡೂ ಕೂಡಿಕೊಳ್ಳುತ್ತವೆ. ನನಗೆ ಇದಕ್ಕಿಂತ ಒಳ್ಳೆ ಅಭ್ಯಾಸ ಕಾಣಿಸಿಲ್ಲ. ಕೊನೆಗೆ ಸೆಟ್ ಮಾಡಿಸಿಕೊಂಡು ಹೊಡೆಯಿರಿ.

ಇಳಿಯುವಾಗ ಎರಡೂ ಕಾಲಲ್ಲಿ, ಮಂಡಿ ಬಗ್ಗಿಸಿ ಇಳಿಯಿರಿ. ಬಲಗೈಯವರು ಎಡಗಾಲೊಂದರ ಮೇಲೇ ಇಳಿಯುವುದು ಜಾಸ್ತಿ, ಆ ಮಂಡಿಗೆ ಪೆಟ್ಟಾಗುವ ಅಪಾಯವೂ ಜಾಸ್ತಿ. ಪ್ರತಿ ಸಲವೂ ಒಂಟಿ ಕಾಲಲ್ಲೇ ಇಳಿಯುತ್ತಿದ್ದರೆ ಬಾಲ್ ನಿಮ್ಮ ಎಡಕ್ಕೆ ಅಥವಾ ತಲೆ ಹಿಂದೆ ಸಿಗುತ್ತಿದೆ ಅಂತ ತಿಳಿಯಿರಿ. ಆಗ ಇನ್ನೂ ಸ್ವಲ್ಪ ತಡವಾಗಿ ಹೊರಡಿ.