ಹೊರಗಡೆ ವೈರಿಂಗ್ ಮಾಡಿಸಿದ ಮೇಲೆ ದೀಪ ಕೆಟ್ಟರೆ: ಅರ್ಥ್ ದೋಷದ ಬಗ್ಗೆ ಟಿಪ್ಪಣಿ

ಕಾರಿಗೆ ರಿವರ್ಸ್ ಕ್ಯಾಮೆರಾ, ಫಾಗ್ ಲ್ಯಾಂಪ್ ಅಥವಾ ಮ್ಯೂಸಿಕ್ ಸಿಸ್ಟಮ್ ಹಾಕಿಸಿದ ಬಳಿಕ ದೀಪಗಳು ವಿಚಿತ್ರವಾಗಿ ವರ್ತಿಸತೊಡಗಿದರೆ, ಹೊಸದಾಗಿ ಕೈ ಆಡಿದ ಜಾಗದಿಂದಲೇ ಹುಡುಕಾಟ ಆರಂಭಿಸಬೇಕು: ಬಿಚ್ಚಿ ಕೂರಿಸಿದ ಪ್ಯಾನಲ್, ವೈರ್ ಕೆರೆದು ಸುತ್ತಿ ಟೇಪ್ ಹಚ್ಚಿದ ಜಾಯಿಂಟ್, ಕಾರಿನ ಲೋಹದ ಬಾಡಿಗೆ ಬಿಗಿದ ಅರ್ಥ್ ಸ್ಕ್ರೂ (ಅರ್ಥ್ ಎಂದರೆ ಕರೆಂಟ್ ಬಾಡಿಯ ಮೂಲಕ ಬ್ಯಾಟರಿಯ ನೆಗೆಟಿವ್‌ಗೆ ಮರಳುವ ದಾರಿ). ಫ್ಯೂಸ್ ಮತ್ತು ಬಲ್ಬ್ ಪರೀಕ್ಷಿಸುವುದು ಎಲ್ಲರಿಗೂ ತಿಳಿದಿರುವುದರಿಂದ ಅದನ್ನು ಬಿಟ್ಟಿದ್ದೇನೆ. ಆದರೆ 10 ಆಂಪಿಯರ್‌ನ ಕೆಂಪು ಫ್ಯೂಸ್ ಪದೇ ಪದೇ ಹೋಗುತ್ತಿದೆಯೆಂದು 20 ಆಂಪಿಯರ್‌ನ ಹಳದಿ ಫ್ಯೂಸ್ ಹಾಕಿದರೆ, ಫ್ಯೂಸಿನ ಬದಲು ವೈರ್ ಸುಡುತ್ತದೆ.

ಬ್ರೇಕ್ ಒತ್ತಿದರೆ ದೀಪ ಆರುವುದೇಕೆ?

ನನ್ನನ್ನು ಬಹಳ ಕಾಡಿದ್ದು ಇದೇ ಲಕ್ಷಣ. ಲೈಟ್ ಸ್ವಿಚ್ ಹಾಕಿದಾಗ ಒಂದು ಬದಿಯ ಟೇಲ್ ಲೈಟ್ ಹೆಚ್ಚುಕಡಿಮೆ ಸರಿಯಾಗಿಯೇ ಉರಿಯುತ್ತದೆ; ಬ್ರೇಕ್ ಒತ್ತಿದೊಡನೆ ಆ ಬದಿ ಪೂರ್ತಿ ಆರಿಹೋಗುತ್ತದೆ. ಸ್ವಿಚ್ ಆರಿಸಿ ಬ್ರೇಕ್ ಮಾತ್ರ ಒತ್ತಿದರೆ, ಮುಂದಿನ ಪಾರ್ಕಿಂಗ್ ದೀಪಗಳು ಮಂದವಾಗಿ ಹೊತ್ತಿಕೊಳ್ಳುತ್ತವೆ.

ಇಲ್ಲಿರುವುದು 21/5 ವ್ಯಾಟ್‌ನ, ಎರಡು ಫಿಲಮೆಂಟ್‌ಗಳ (ಕಾದು ಬೆಳಕು ಕೊಡುವ ತಂತಿಗಳ) ಬಲ್ಬ್. ಬ್ರೇಕಿನ 21 ವ್ಯಾಟ್ ಮತ್ತು ಟೇಲಿನ 5 ವ್ಯಾಟ್ ಫಿಲಮೆಂಟ್‌ಗಳೆರಡರ ಒಂದೊಂದು ತುದಿ ಬಲ್ಬಿನೊಳಗೇ ಕೂಡಿ, ಅದರ ಲೋಹದ ಕ್ಯಾಪ್ ಮೂಲಕ ಅರ್ಥ್‌ಗೆ ಹೋಗುತ್ತದೆ. ಹೋಲ್ಡರಿನ ಅರ್ಥ್ ಕಡಿದುಹೋದರೆ, ಟೇಲ್ ಫಿಲಮೆಂಟಿಗೆ ಬಂದ ಕರೆಂಟ್ ಆ ಕೂಡುಬಿಂದುವಿನಿಂದ ಬ್ರೇಕ್ ಫಿಲಮೆಂಟಿನೊಳಗೆ ಹಿಮ್ಮುಖವಾಗಿ ನುಗ್ಗಿ, ಬ್ರೇಕ್ ವೈರ್ ಹಿಡಿದು ಇನ್ನೊಂದು ಬದಿಯ ಬಲ್ಬಿಗೆ ಹೋಗಿ, ಅಲ್ಲಿನ ಒಳ್ಳೆಯ ಅರ್ಥ್ ಸೇರುತ್ತದೆ. 5 ವ್ಯಾಟ್ ಫಿಲಮೆಂಟಿನ ರೋಧ ಉಳಿದವಕ್ಕಿಂತ ಬಹಳ ಹೆಚ್ಚಾಗಿರುವುದರಿಂದ ವೋಲ್ಟೇಜಿನ ಬಹುಪಾಲು ಅದರ ಮೇಲೆಯೇ ಬೀಳುತ್ತದೆ. ಆದ್ದರಿಂದಲೇ ದೀಪ ಸರಿಯಿದೆಯೆಂಬ ಭ್ರಮೆ ಹುಟ್ಟುತ್ತದೆ. ಈಗ ಬ್ರೇಕ್ ಒತ್ತಿದರೆ ಬ್ರೇಕ್ ವೈರಿಗೂ 12 ವೋಲ್ಟ್ ಬರುತ್ತದೆ. ಎರಡೂ ತುದಿಗಳಲ್ಲಿ 12 ವೋಲ್ಟ್ ಇದ್ದ ಮೇಲೆ ಕರೆಂಟ್ ಹರಿಯಲು ಕಾರಣವೇ ಇಲ್ಲ, ದೀಪ ಆರುತ್ತದೆ. ಸ್ವಿಚ್ ಆರಿಸಿ ಬ್ರೇಕ್ ಒತ್ತಿದಾಗ ಇದೇ ದಾರಿ ತಿರುಗುಮುರುಗಾಗಿ, ಕರೆಂಟ್ ಟೇಲ್ ವೈರಿನಲ್ಲಿ ಹಿಂದೆ ಹರಿದು ಪಾರ್ಕಿಂಗ್ ದೀಪಗಳನ್ನು ತಲುಪುತ್ತದೆ. ಎರಡೂ ಫಿಲಮೆಂಟ್‌ಗಳನ್ನು ಕಾಗದದ ಮೇಲೆ ಬರೆದು, ಬಾಣ ಹಾಕುತ್ತ ಹೋದರೆ ಮಾತ್ರ ಇದು ತಲೆಯಲ್ಲಿ ನಿಲ್ಲುತ್ತದೆ.

ದೀಪ ಉರಿಯುತ್ತಿರುವಾಗಲೇ ಅಳೆಯಬೇಕು

ಬಲ್ಬ್ ಕಿತ್ತು, ಹೋಲ್ಡರಿನ ಪಿನ್ನುಗಳಿಗೆ ಮಲ್ಟಿಮೀಟರ್ ಹಿಡಿದರೆ 12.6 ವೋಲ್ಟ್ ತೋರಿಸಬಹುದು, ಇದನ್ನು ನಂಬುವಂತಿಲ್ಲ. ಡಿಜಿಟಲ್ ಮೀಟರಿನ ಒಳರೋಧ ಸಾಮಾನ್ಯವಾಗಿ 10 ಮೆಗಾ ಓಮ್ ಇರುವುದರಿಂದ ಅದು ಎಳೆಯುವ ಕರೆಂಟ್ ನಗಣ್ಯ. ಒಂದೇ ಎಳೆ ಉಳಿದಿರುವ ವೈರ್ ಕೂಡ ಅಷ್ಟನ್ನು ನಿರಾಯಾಸವಾಗಿ ಒಯ್ಯುತ್ತದೆ. 55 ವ್ಯಾಟ್‌ನ ಹೆಡ್‌ಲೈಟ್ ಸುಮಾರು 4.6 ಆಂಪಿಯರ್ ಕೇಳಿದಾಗಲೇ ದೋಷ ಹೊರಬೀಳುವುದು. ಪೇಂಟ್ ಕೆರೆಯದೆ ಬಿಗಿದ ಅರ್ಥ್ ಸ್ಕ್ರೂವಿನಲ್ಲಿ ಅರ್ಧ ಓಮ್ ರೋಧವಿದ್ದರೂ ಸುಮಾರು 2 ವೋಲ್ಟ್ ಅಲ್ಲಿಯೇ ಕಳೆದುಹೋಗಿ, ಬೆಳಕು ಅರ್ಧದ ಹತ್ತಿರಕ್ಕೆ ಇಳಿಯುತ್ತದೆ.

ಆದ್ದರಿಂದ ದೀಪ ಹೊತ್ತಿಸಿ, ಮೀಟರಿನ ಒಂದು ಮೊನೆಯನ್ನು ಹೋಲ್ಡರಿನ ಅರ್ಥ್ ಪಿನ್ನಿಗೂ ಇನ್ನೊಂದನ್ನು ಬ್ಯಾಟರಿಯ ನೆಗೆಟಿವ್‌ಗೂ ಹಿಡಿಯಬೇಕು. 0.1 ವೋಲ್ಟಿನ ಆಸುಪಾಸು ಬಂದರೆ ಅರ್ಥ್ ಚೆನ್ನಾಗಿದೆ. ಅರ್ಧ ವೋಲ್ಟ್ ದಾಟಿದರೆ ಆ ದಾರಿಯಲ್ಲಿ ದೋಷವಿದೆ. ಮೊನೆಯನ್ನು ಜಾಯಿಂಟಿನಿಂದ ಜಾಯಿಂಟಿಗೆ ಸರಿಸುತ್ತ ಹೋದಾಗ ರೀಡಿಂಗ್ ಎಲ್ಲಿ ಥಟ್ಟನೆ ಇಳಿಯುತ್ತದೆಯೋ, ಕೆಟ್ಟ ಜಾಗ ಅಲ್ಲಿದೆ. ಪಾಸಿಟಿವ್ ಬದಿಯಲ್ಲೂ ಬ್ಯಾಟರಿಯ ಪಾಸಿಟಿವ್‌ನಿಂದ ಹೋಲ್ಡರಿನವರೆಗೆ ಹೀಗೆಯೇ ಅಳೆಯಬಹುದು.

ಉಳಿದವು

ಫಾಗ್ ಲ್ಯಾಂಪಿನ ರಿಲೇಯ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಾಯಿಸುವ ಸ್ವಿಚ್) ಪಿನ್ನುಗಳಲ್ಲಿ 85 ಮತ್ತು 86 ಆ ಸ್ವಿಚ್ಚನ್ನು ಎಳೆಯುವ ಕಾಯಿಲಿನವು, 30 ಬ್ಯಾಟರಿಯಿಂದ ಫ್ಯೂಸ್ ಮೂಲಕ ಬರುವ ಸಪ್ಲೈ, 87 ದೀಪಕ್ಕೆ. ರಿಲೇ ಟಕ್ ಎಂದರೆ ಕಾಯಿಲಿನ ಕಡೆ ಸರಿಯಿದೆಯೆಂದಷ್ಟೇ ಅರ್ಥ. 30ರಿಂದ 87ಕ್ಕೆ ಕರೆಂಟ್ ದಾಟುತ್ತಿದೆಯೇ ಎಂಬುದನ್ನು ಬೇರೆಯಾಗಿ ನೋಡಬೇಕು.

ಎಲ್‌ಇಡಿ ಹಾಕಿದ ಮೇಲೆ ಇಂಡಿಕೇಟರ್ ಬೇಗಬೇಗ ಮಿಟುಕಿದರೆ ಅದು ಅರ್ಥ್ ದೋಷವಾಗಿರಬೇಕಿಲ್ಲ. 21 ವ್ಯಾಟ್‌ನ ಬಲ್ಬ್ ಇದ್ದ ಜಾಗದಲ್ಲಿ ಕರೆಂಟ್ ತೀರಾ ಕಡಿಮೆಯಾದುದರಿಂದ, ಬಲ್ಬ್ ಸುಟ್ಟಿದೆಯೆಂದು ಇಂಡಿಕೇಟರನ್ನು ಮಿಟುಕಿಸುವ ಫ್ಲಾಷರ್ ಎಣಿಸಿ, ವೇಗ ಹೆಚ್ಚಿಸುತ್ತದೆ. ಕೆಲವರು 6 ಓಮ್‌ನ ರೆಸಿಸ್ಟರನ್ನು ಸಮಾನಾಂತರವಾಗಿ ಜೋಡಿಸುತ್ತಾರೆ; ಮಿಟುಕುವಾಗಲೆಲ್ಲ ಅದು 24 ವ್ಯಾಟ್ ಶಾಖ ಕಾರುವುದರಿಂದ ಪ್ಲಾಸ್ಟಿಕ್ ಮತ್ತು ವೈರುಗಳಿಂದ ದೂರ, ಲೋಹದ ಮೇಲೆ ಕೂರಿಸಬೇಕು. ವಾಹನದಲ್ಲಿ ಫ್ಲಾಷರ್ ಬೇರೆಯಾಗಿ ಇದ್ದರೆ, ಎಲ್‌ಇಡಿಗೆ ಒಪ್ಪುವ ಫ್ಲಾಷರ್ ಹಾಕುವುದೇ ನನ್ನ ಮಟ್ಟಿಗೆ ಮೇಲು. ಯಾವ ವೈರನ್ನೂ ಕೆರೆಯಬೇಕಾಗಿಲ್ಲ.