ಮಳೆಕೊಯ್ಲಿನ ಜಾಲತಾಣ ಕಟ್ಟುವಾಗ: ವರ್ಷದ ಮೊತ್ತ ಸಾಲದು, ದಿನದ ಲೆಕ್ಕ ಬೇಕು

ಪರಿಸರ ಉಳಿಸಿ ಎನ್ನುವ ಜಾಲತಾಣಗಳು ಬಹುಪಾಲು ಒಂದೇ ಅಚ್ಚಿನವು. ಹಸಿರು ಬಣ್ಣ, ಎಲೆಯ ಚಿತ್ರ, 'ಪ್ರತಿಜ್ಞೆ ಮಾಡುತ್ತೇನೆ' ಎಂಬ ಬಟನ್. ಅದನ್ನು ಒತ್ತಿದವರು ಮರುದಿನ ಏನು ಮಾಡಬೇಕು ಎಂಬುದು ಮಾತ್ರ ಎಲ್ಲೂ ಇರುವುದಿಲ್ಲ. ಮಳೆಕೊಯ್ಲಿನ ತಾಣಕ್ಕೆ ಬರುವವರ ಪ್ರಶ್ನೆಯಾದರೋ ಸ್ಪಷ್ಟ: ನಮ್ಮ ಮನೆಗೆ ಎಷ್ಟು ಲೀಟರಿನ ಟ್ಯಾಂಕ್ ಬೇಕು? ತಾಣ ಇದಕ್ಕೆ ಉತ್ತರ ಕೊಟ್ಟರೆ ಸಾಕು, ಎಲೆಯ ಚಿತ್ರ ಇಲ್ಲದಿದ್ದರೂ ನಡೆಯುತ್ತದೆ.

ಲೆಕ್ಕದ ಬುನಾದಿ ಸರಳ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ತಾರಸಿಯ ವಿಸ್ತೀರ್ಣವನ್ನು ಮಳೆಯಿಂದ ಗುಣಿಸಿ, ಹರಿದು ಬರುವ ಪಾಲಿನಿಂದ ಮತ್ತೊಮ್ಮೆ ಗುಣಿಸಬೇಕು. ಆರ್‌ಸಿಸಿ ತಾರಸಿಗೆ ಈ ಪಾಲನ್ನು 0.85 ಎಂದು ಹಿಡಿಯಬಹುದು. ನಮ್ಮ ಜನ ಅಳೆಯುವುದು ಚದರಡಿಯಲ್ಲಿ, ಹಾಗಾಗಿ ಫಾರ್ಮ್ ಕೇಳಬೇಕಾದ್ದೂ ಚದರಡಿಯನ್ನೇ. 0.0929ರಿಂದ ಗುಣಿಸಿ ಚದರ ಮೀಟರ್ ಮಾಡಿಕೊಳ್ಳುವುದು ಪ್ರೋಗ್ರಾಮಿನ ಕೆಲಸ. ಬೆಂಗಳೂರಿನಲ್ಲಿ 1,000 ಚದರಡಿ ತಾರಸಿ ಎಂದರೆ 92.9 ಚದರ ಮೀಟರ್. ವರ್ಷಕ್ಕೆ ಸುಮಾರು 970 ಮಿಮೀ ಮಳೆ ಎಂದುಕೊಂಡರೆ ಹತ್ತಿರ ಹತ್ತಿರ 76,600 ಲೀಟರ್ ಸಿಗುತ್ತದೆ.

ಹಂಚಿನ ಮನೆಯವರು ಇಲ್ಲಿ ಎಡವುತ್ತಾರೆ. ಮಾಡಿನ ಇಳಿಜಾರಿಗೆ ಟೇಪು ಹಿಡಿದು ಅಳೆದು ಆ ಸಂಖ್ಯೆಯನ್ನೇ ತುಂಬುತ್ತಾರೆ. ಲೆಕ್ಕಕ್ಕೆ ಬರುವುದು ಮಾಡು ನೆಲದ ಮೇಲೆ ಮುಚ್ಚುವ ಜಾಗ ಮಾತ್ರ. 30 ಡಿಗ್ರಿ ಇಳಿಜಾರಿದ್ದರೆ ಉತ್ತರ ಶೇಕಡಾ 15ರಷ್ಟು ಹಿಗ್ಗುತ್ತದೆ. 'ಸೂರಿನ ಅಂಚಿನಿಂದ ಅಂಚಿಗೆ, ನೆಲದ ಮೇಲೆ ಅಳೆಯಿರಿ' ಎಂಬ ಒಂದು ಸಾಲು, ಜೊತೆಗೊಂದು ಗೆರೆಚಿತ್ರ ಹಾಕಿದರೆ ಈ ತಪ್ಪು ಆಗುವುದಿಲ್ಲ.

ಹೆಚ್ಚಿನ ತಾಣಗಳು ಆ 76,600 ತೋರಿಸಿ ನಿಂತುಬಿಡುತ್ತವೆ. ತಲೆಗೆ ದಿನಕ್ಕೆ 135 ಲೀಟರ್ ಎಂಬ ಮಾನದಂಡದಂತೆ ನಾಲ್ಕು ಜನರ ಮನೆಗೆ ವರ್ಷಕ್ಕೆ 1,97,100 ಲೀಟರ್ ಬೇಕು. ಹಾಗಾದರೆ 'ನಿಮ್ಮ ಅಗತ್ಯದ ಶೇಕಡಾ 39 ಮಳೆಯಿಂದಲೇ' ಎಂದು ಬರೆದುಬಿಡುತ್ತವೆ. ಇದು ಕಾಗದದ ಮೇಲಿನ ನೀರು. 5,000 ಲೀಟರಿನ ಟ್ಯಾಂಕ್ ತುಂಬಿದ್ದರೂ ದಿನಕ್ಕೆ 540 ಲೀಟರಿನಂತೆ ಒಂಬತ್ತು ದಿನದಲ್ಲಿ ಬರಿದು. ಸೆಪ್ಟೆಂಬರಿನಲ್ಲಿ ಅದೇ ಟ್ಯಾಂಕ್ ಮೇಲಿಂದ ಮೇಲೆ ಕೋಡಿ ಬೀಳುತ್ತದೆ, ಫೆಬ್ರುವರಿಯಲ್ಲಿ ತಳ ಕಾಣುತ್ತದೆ. ಹಾಗಾಗಿ ದಿನದಿನದ ಲೆಕ್ಕವನ್ನೇ ಓಡಿಸಬೇಕು.

ಅದಕ್ಕೆ ದಿನದಿನದ ಮಳೆಯ ದತ್ತಾಂಶ ಬೇಕು. ಭಾರತೀಯ ಹವಾಮಾನ ಇಲಾಖೆಯ ಪುಣೆ ಕಚೇರಿ 1901ರಿಂದ ಈಚಿನ ದೈನಿಕ ಮಳೆಯನ್ನು 0.25 ಡಿಗ್ರಿಯ ಚೌಕಗಳಲ್ಲಿ ಕೊಡುತ್ತದೆ. ಒಂದು ಚೌಕದ ಬದಿ ಸುಮಾರು 27 ಕಿಮೀ. ಬಯಲುಸೀಮೆಗೆ ಇದು ಸಾಕು. ಘಟ್ಟದ ಅಂಚಿನಲ್ಲಿ ಮಾತ್ರ ಒಂದೇ ಚೌಕದೊಳಗೆ ಭಾರಿ ಮಳೆಯ ಊರೂ ಮಳೆ ಮರೆಯ ಊರೂ ಸೇರಿಹೋಗುವುದರಿಂದ, ಆ ತಾಲ್ಲೂಕುಗಳ ಉತ್ತರದ ಪಕ್ಕದಲ್ಲಿ ಎಚ್ಚರಿಕೆಯ ಸಾಲು ಇರಲಿ. ಇಡೀ ರಾಜ್ಯದ ಸರಾಸರಿ ಹಿಡಿಯುವುದಂತೂ ಬೇಡವೇ ಬೇಡ. ಆಗುಂಬೆಗೂ ಚಳ್ಳಕೆರೆಗೂ ಒಂದೇ ಟ್ಯಾಂಕ್ ಹೇಳಿದಂತಾಗುತ್ತದೆ.

ಲೆಕ್ಕಕ್ಕೆ ಮೂವತ್ತು ವರ್ಷ ಹಿಡಿಯೋಣ: 1991ರಿಂದ 2020ರವರೆಗೆ 10,958 ದಿನಗಳು. ಮಿಲಿಮೀಟರಿನ ಹತ್ತನೇ ಒಂದು ಭಾಗವನ್ನು ಪೂರ್ಣಾಂಕವಾಗಿಸಿ, ದಿನಕ್ಕೆ ಎರಡು ಬೈಟ್‌ನಂತೆ ಇಟ್ಟರೆ ಒಂದು ಸ್ಥಳದ ಫೈಲು 22 ಕೆಬಿಯೊಳಗೆ ಮುಗಿಯುತ್ತದೆ. ಒಂದು ಫೋಟೋಗಿಂತ ಹಗುರ. ತಾಲ್ಲೂಕಿಗೊಂದು ಫೈಲು, ಲೆಕ್ಕವೆಲ್ಲ ಬ್ರೌಸರಿನಲ್ಲೇ. ಸರ್ವರಿನಲ್ಲಿ ಡೇಟಾಬೇಸ್ ಬೇಕಾಗುವುದಿಲ್ಲ. ಆದರೆ ಇಲ್ಲಿ ಒಂದು ಬಲೆಯಿದೆ. ಮೂಲದಲ್ಲಿ ದಾಖಲೆ ಇಲ್ಲದ ಕಡೆ -999 ಎಂದಿರುತ್ತದೆ. ಅದನ್ನು ಹತ್ತರಿಂದ ಗುಣಿಸಿ, ಋಣ ಚಿಹ್ನೆಗೆ ಜಾಗವಿಲ್ಲದ, 0ಯಿಂದ 65,535ರವರೆಗಷ್ಟೇ ಹಿಡಿಯುವ 16 ಬಿಟ್ ಅರೇಗೆ (ಸಂಖ್ಯೆಗಳ ಪಟ್ಟಿಗೆ) ತುಂಬಿದರೆ -9,990 ಎಂಬುದು ಸುತ್ತಿ ಬಂದು 55,546 ಆಗುತ್ತದೆ. ಅಂದರೆ ಒಂದೇ ದಿನ 5,554 ಮಿಮೀ ಮಳೆ! ಪ್ರೋಗ್ರಾಮ್ ಯಾವ ದೋಷವನ್ನೂ ತೋರಿಸುವುದಿಲ್ಲ, ಟ್ಯಾಂಕ್ ಸುಮ್ಮನೆ ತುಂಬಿಕೊಳ್ಳುತ್ತದೆ. ಫೈಲು ತಯಾರಿಸುವಾಗಲೇ ಇಂಥ ದಿನಗಳನ್ನು 65,535 ಎಂಬ ಗುರುತಿಗೆ ಬದಲಿಸಿ, ಲೆಕ್ಕದಲ್ಲಿ ಅವನ್ನು ಬಿಡಬೇಕು. ಇನ್ನೊಂದು ಮಾತು: ಇಲಾಖೆಯ ದಿನ ಮುಗಿಯುವುದು ಬೆಳಗ್ಗೆ 8.30ಕ್ಕೆ. ನಿನ್ನೆ ರಾತ್ರಿ ಸುರಿದ ಮಳೆ ಇಂದಿನ ತಾರೀಖಿನಲ್ಲಿ ಇರುತ್ತದೆ. ಬಳಕೆದಾರರು 'ಆ ದಿನ ಮಳೆಯೇ ಬಂದಿರಲಿಲ್ಲ' ಎಂದು ಜಗಳ ತೆಗೆಯುವುದು ಇದರಿಂದಲೇ.

ದಿನದ ಲೆಕ್ಕದಲ್ಲಿ ಮೊದಲು ತೊಳೆನೀರನ್ನು ಕಳೆಯಬೇಕು. ಒಣ ದಿನಗಳ ನಂತರದ ಮಳೆಯ ಮೊದಲ ಒಂದು ಮಿಲಿಮೀಟರ್ ದೂಳು, ಹಕ್ಕಿ ಹಿಕ್ಕೆಯನ್ನು ತೊಳೆದುಕೊಂಡು ಬರುತ್ತದೆ. ನಮ್ಮ ಉದಾಹರಣೆಯ ತಾರಸಿಗೆ ಅದು 93 ಲೀಟರ್. 50 ಮಿಮೀ ಸುರಿದ ದಿನ ಅಷ್ಟು ಬಿಟ್ಟು ಟ್ಯಾಂಕಿಗೆ ಸೇರುವುದು ಸುಮಾರು 3,870 ಲೀಟರ್. ಆಮೇಲಿನ ಅನುಕ್ರಮವೂ ಮುಖ್ಯ. ನಿನ್ನೆ ಉಳಿದ ನೀರಿಗೆ ಇಂದಿನ ಮಳೆ ಸೇರಿಸಿ, ಟ್ಯಾಂಕ್ ಮೀರಿದ್ದನ್ನು ಕೋಡಿಗೆ ಬಿಟ್ಟು, ಆಮೇಲೆ ಬಳಕೆ ಕಳೆಯಿರಿ. ಇಂದಿನ ಬಳಕೆಗೆ ಸಿಗುವುದು ನಿನ್ನೆ ಉಳಿದದ್ದಷ್ಟೇ ಎಂದಿಟ್ಟುಕೊಳ್ಳಿ. ಬಳಕೆಯನ್ನು ಮೊದಲು ಕಳೆದರೆ ಟ್ಯಾಂಕಿನಲ್ಲಿ ಜಾಗ ಇದ್ದಂತೆ ಕಂಡು ಉತ್ತರ ಉದಾರವಾಗುತ್ತದೆ. ದುಡ್ಡು ಹಾಕುವವರಿಗೆ ಬಿಗಿ ಲೆಕ್ಕ ಹೇಳುವುದೇ ಸರಿ. ಕೋಡಿ ನೀರನ್ನು ಇಂಗುಬಾವಿಗೆ ತೋರಿಸಬಹುದು: ಮೂರು ಅಡಿ ಅಗಲ, ಇಪ್ಪತ್ತು ಅಡಿ ಆಳದ ರಿಂಗ್ ಬಾವಿ ಒಮ್ಮೆಗೆ ಸುಮಾರು 4,000 ಲೀಟರ್ ಹಿಡಿಯುತ್ತದೆ.

ಫಲಿತಾಂಶವನ್ನು ಹನ್ನೆರಡು ತಿಂಗಳ ಕಂಬಗಳಲ್ಲಿ ತೋರಿಸಿ, ಪಕ್ಕದಲ್ಲಿ 'ಟ್ಯಾಂಕ್ ಬರಿದಾದ ದಿನಗಳು' ಎಂಬ ಸಂಖ್ಯೆ ಕೊಡಿ. ಸರಾಸರಿ ವರ್ಷದ ಜೊತೆಗೆ ಮೂವತ್ತರಲ್ಲಿ ಅತಿ ಕೆಟ್ಟ ವರ್ಷವೂ ಇರಲಿ. ಬೆಂಗಳೂರಿನಲ್ಲಿ ಭಾರಿ ಮಳೆ ಸುರಿದ 2017ರಂಥ ಮಳೆಗಾಲವನ್ನು ನೋಡಿ ಯಾರೂ ಟ್ಯಾಂಕ್ ಕಟ್ಟಿಸಬಾರದು. ಟ್ಯಾಂಕಿನ ಗಾತ್ರ ಬದಲಿಸುವ ಸ್ಲೈಡರ್ ಎಳೆದಂತೆ ಕಂಬಗಳು ಏರಿಳಿಯಬೇಕು. ಹನ್ನೊಂದು ಸಾವಿರ ದಿನದ ಲೆಕ್ಕ ಸಾಧಾರಣ ಫೋನಿಗೂ ಭಾರವಲ್ಲ, ಭಾರವಾಗುವುದು ದಿನದಿನದ ಗ್ರಾಫ್ ಬಿಡಿಸುವುದು. ಸ್ಲೈಡರ್ ನಿಲ್ಲುವುದು ಅಂಗಡಿಯಲ್ಲಿ ಸಿಗುವ ಅಳತೆಗಳಲ್ಲಿರಲಿ: 500, 1,000, 2,000, 5,000. 3,740 ಲೀಟರಿನ ಟ್ಯಾಂಕ್ ಯಾರೂ ಮಾರುವುದಿಲ್ಲ. ಸಂಪು ಕಟ್ಟಿಸುವವರಿಗೆ ಬೇರೆ ಖಾನೆ ಕೊಡಿ.

ಕನ್ನಡದ ಫಾರ್ಮಿಗೆ ತನ್ನದೇ ತೊಡಕುಗಳಿವೆ. ಬಳಕೆದಾರರು ೧೨೦೦ ಎಂದು ಟೈಪಿಸಿದರೆ ನಂಬರ್ ಇನ್‌ಪುಟ್ (ಸಂಖ್ಯೆಗಷ್ಟೇ ಮೀಸಲಾದ ಖಾನೆ) ಅದನ್ನು ಒಪ್ಪುವುದಿಲ್ಲ. 1,200 ಎಂದು ಬರೆದರೆ ಬರಹವನ್ನು ಸಂಖ್ಯೆಯಾಗಿಸುವ ಜಾವಾಸ್ಕ್ರಿಪ್ಟಿನ ಪಾರ್ಸ್‌ಫ್ಲೋಟ್ ಅಲ್ಪವಿರಾಮಕ್ಕೇ ನಿಂತು 1 ಎಂದು ಓದುತ್ತದೆ, ಒಂದು ಚದರಡಿ ಮನೆಗೆ ಉತ್ತರ ಕೊಡುತ್ತದೆ. ಟೆಕ್ಸ್ಟ್ ಇನ್‌ಪುಟ್ ಇಟ್ಟು ಸಂಖ್ಯೆಯ ಕೀಬೋರ್ಡ್ ಬರುವಂತೆ ಮಾಡಿ, ಅಲ್ಪವಿರಾಮ ತೆಗೆದು, ಕನ್ನಡ ಅಂಕಿಗಳನ್ನು ಬದಲಿಸಿಕೊಂಡು ಆಮೇಲೆ ಓದಿಸಬೇಕು. ಸಾಲಿನ ಎತ್ತರ ಅಕ್ಷರದ ಗಾತ್ರದ 1.6 ಪಟ್ಟಿಗಿಂತ ಕಡಿಮೆಯಿದ್ದರೆ ಒತ್ತಕ್ಷರಗಳು ಕೆಳಗಿನ ಸಾಲಿಗೆ ತಾಗಬಹುದು, ಎತ್ತರ ನಿಗದಿ ಮಾಡಿದ ಬಟನ್‌ಗಳಲ್ಲಿ ಕತ್ತರಿಸಿಹೋಗುತ್ತವೆ. ಪುಟ ತೆರೆದ ಕೂಡಲೇ ಲೊಕೇಶನ್ ಅನುಮತಿ ಕೇಳಬೇಡಿ. ಹೆಚ್ಚಿನವರು 'ಬೇಡ' ಒತ್ತುತ್ತಾರೆ, ಬ್ರೌಸರ್ ಅದನ್ನು ನೆನಪಿಟ್ಟುಕೊಳ್ಳುತ್ತದೆ. ತಾಲ್ಲೂಕಿನ ಪಟ್ಟಿ ಸಾಕು. ತುಂಬಿದ ವಿವರವೆಲ್ಲ ಪುಟದ ವಿಳಾಸದಲ್ಲೇ ಸೇರಿದ್ದರೆ ಅದೇ ಲಿಂಕನ್ನು ವಾಟ್ಸಾಪಿನಲ್ಲಿ ಮೇಸ್ತ್ರಿಗೋ ಪ್ಲಂಬರ್‌ಗೋ ಕಳಿಸಬಹುದು.

ಕಾಯಿದೆಯ ಅಂಕಿಗಳನ್ನು ಪ್ರೋಗ್ರಾಮಿನೊಳಗೆ ಬರೆಯದೆ ಬೇರೆ ಫೈಲಿನಲ್ಲಿ, ಜಾರಿಯಾದ ತಾರೀಖಿನ ಸಮೇತ ಇಡಿ. ಬೆಂಗಳೂರು ಜಲಮಂಡಳಿಯ ಕಾಯಿದೆಗೆ 2009ರಲ್ಲಿ ತಿದ್ದುಪಡಿಯಾದಾಗ 60-40 ಅಡಿ ಮತ್ತು ಅದಕ್ಕೂ ದೊಡ್ಡ ಸೈಟಿನ ಹಳೆಯ ಕಟ್ಟಡಗಳಿಗೂ 30-40 ಮತ್ತು ಅದಕ್ಕೂ ದೊಡ್ಡ ಸೈಟಿನ ಹೊಸ ಕಟ್ಟಡಗಳಿಗೂ ಮಳೆಕೊಯ್ಲು ಕಡ್ಡಾಯವಾಯಿತು. ಇಂಥ ನಿಯಮ ಮತ್ತೆ ಬದಲಾದರೆ ಒಂದೇ ಕಡೆ ತಿದ್ದಿದರೆ ಮುಗಿಯಬೇಕು.

ಬಿಡುಗಡೆಗೆ ಮುನ್ನ ಮಾಡಲೇಬೇಕಾದ ಪರೀಕ್ಷೆ ಇದು: ಮೂವತ್ತು ವರ್ಷದಲ್ಲಿ ಟ್ಯಾಂಕಿಗೆ ಬಂದ ನೀರು, ಬಳಸಿದ್ದು, ಕೋಡಿ ಹೋದದ್ದು, ಕೊನೆಗೆ ಉಳಿದದ್ದು ಈ ಮೂರರ ಮೊತ್ತಕ್ಕೆ ಸಮನಾಗಿರಬೇಕು. ಟ್ಯಾಂಕ್ ಸೊನ್ನೆ ಎಂದು ಕೊಟ್ಟರೆ ಬಂದದ್ದೆಲ್ಲ ಕೋಡಿಗೆ ಹೋಗಬೇಕು. ಒಂದು ಲೀಟರ್ ಆಚೀಚೆ ಆದರೂ ಬಳಕೆ ಕಳೆಯುವ ಸಾಲನ್ನು ಮೊದಲು ನೋಡಿ. ತಪ್ಪು ಹೆಚ್ಚಾಗಿ ಅಲ್ಲೇ ಇರುತ್ತದೆ.