ಹಲ್ಲಿನ ಕಲೆಗೆ ಪೇಸ್ಟನ್ನು ದೂರುವ ಮುನ್ನ

ಹೊಸೂರು, ಡೆಂಕಣಿಕೋಟೆ, ಕೃಷ್ಣಗಿರಿ ಕಡೆ ಫ್ಲೋರೈಡ್ ಎಂದರೆ ಜನ ಹೆದರುತ್ತಾರೆ. ಆ ಹೆದರಿಕೆಗೆ ಕಾರಣವೂ ಇದೆ. ನಮ್ಮ ಕಾಲ ಕೆಳಗಿರುವುದು ಗ್ರಾನೈಟ್ ಜಾತಿಯ ಬಂಡೆ. ಅದರೊಳಗಿನ ಖನಿಜಗಳಿಂದ ಫ್ಲೋರೈಡ್ ನಿಧಾನವಾಗಿ ಅಂತರ್ಜಲಕ್ಕೆ ಇಳಿಯುತ್ತದೆ. ಧರ್ಮಪುರಿ ಮತ್ತು ಕೃಷ್ಣಗಿರಿ ಜಿಲ್ಲೆಗಳಿಗೆ ಕಾವೇರಿ ನೀರು ತರಲು ಜಪಾನಿನ ಸಾಲ ಪಡೆದು ಕಟ್ಟಿದ, 2013ರಲ್ಲಿ ಉದ್ಘಾಟನೆಯಾದ ಹೊಗೇನಕಲ್ ಯೋಜನೆಯ ಹೆಸರಿನಲ್ಲೇ 'ಫ್ಲೋರೋಸಿಸ್ ನಿವಾರಣೆ' ಎಂಬ ಮಾತಿದೆ; ಫ್ಲೋರೈಡ್ ಮಿತಿಮೀರಿ ಹಲ್ಲು, ಮೂಳೆ ಕೆಡುವುದೇ ಫ್ಲೋರೋಸಿಸ್.

ಆದರೆ ಮಗುವಿನ ಹಲ್ಲಿನ ಮೇಲೆ ಕಂದು ಪಟ್ಟೆ ಕಂಡ ಕೂಡಲೇ ಫ್ಲೋರೈಡ್ ಇರುವ ಪೇಸ್ಟನ್ನು ಬಿಸಾಡಿ, ಬೋರ್‌ವೆಲ್ ನೀರನ್ನು ಹಾಗೆಯೇ ಕುಡಿಸುತ್ತಾ ಹೋದರೆ ಅದು ತಪ್ಪು ಲೆಕ್ಕ. ಭಾರತದ ಮಾನದಂಡದಂತೆ ಒಂದು ಲೀಟರ್ ಕುಡಿಯುವ ನೀರಿನಲ್ಲಿ ಫ್ಲೋರೈಡ್ 1 ಮಿಲಿಗ್ರಾಂ ದಾಟಬಾರದು. ಬೇರೆ ನೀರೇ ಇಲ್ಲದಿದ್ದರೆ 1.5 ಮಿಲಿಗ್ರಾಂವರೆಗೆ ಒಪ್ಪಬಹುದು. ಬೋರ್‌ವೆಲ್ ನೀರಿನಲ್ಲಿ 3 ಮಿಲಿಗ್ರಾಂ ಇದೆ ಎನ್ನಿ. ದಿನಕ್ಕೆ ಒಂದು ಲೀಟರ್ ಕುಡಿಯುವ ಮಗುವಿನ ಹೊಟ್ಟೆಗೆ ಆ ಮೂರೂ ಹೋಗುತ್ತವೆ. 1000 ಪಿಪಿಎಂ (ಹತ್ತು ಲಕ್ಷದಲ್ಲಿ ಸಾವಿರ ಪಾಲು) ಫ್ಲೋರೈಡ್ ಇರುವ ಪೇಸ್ಟಿನ ಒಂದು ಗ್ರಾಂನಲ್ಲಿ ಇರುವುದು 1 ಮಿಲಿಗ್ರಾಂ. ಮೂರು ವರ್ಷದೊಳಗಿನ ಮಗುವಿಗೆ ಬೇಕಾದ್ದು ಒಂದು ಅಕ್ಕಿ ಕಾಳಿನಷ್ಟು ಪೇಸ್ಟ್, ಅಂದರೆ ಸುಮಾರು 0.1 ಗ್ರಾಂ. ಎರಡು ಹೊತ್ತು ಉಜ್ಜಿ ಅಷ್ಟನ್ನೂ ನುಂಗಿದರೂ 0.2 ಮಿಲಿಗ್ರಾಂ. ನೀರಿನಿಂದ ಬಂದದ್ದು ಅದರ ಹದಿನೈದು ಪಟ್ಟು!

ಇನ್ನೊಂದು ವ್ಯತ್ಯಾಸ ಇದಕ್ಕಿಂತ ಮುಖ್ಯ. ಕಲೆ ಹುಟ್ಟುವುದು ಹಲ್ಲು ಇನ್ನೂ ಒಸಡಿನ ಒಳಗಿರುವಾಗ. ಸುಮಾರು ಎಂಟು ವರ್ಷದವರೆಗೆ ಹಲ್ಲಿನ ಗಟ್ಟಿ ಹೊರಪದರವಾದ ಎನಾಮೆಲ್ ರೂಪುಗೊಳ್ಳುತ್ತಿರುತ್ತದೆ. ನುಂಗಿದ ಫ್ಲೋರೈಡ್ ರಕ್ತದ ಮೂಲಕ ಅಲ್ಲಿಗೆ ತಲುಪಿ ಆ ಕೆಲಸವನ್ನು ಕೆಡಿಸುತ್ತದೆ. ಹುಟ್ಟಿ ಹೊರಬಂದ ಹಲ್ಲಿಗೆ ಹೀಗಾಗುವುದಿಲ್ಲ. ಅದರ ಹೊರಮೈಗೆ ಫ್ಲೋರೈಡ್ ರಕ್ಷಣೆಯೇ ಆಗುತ್ತದೆ. ಬಾಯಿಯ ಬ್ಯಾಕ್ಟೀರಿಯಾ ಸಕ್ಕರೆ ತಿಂದು ಆಮ್ಲ ಬಿಡುತ್ತವೆ. ಪಿಎಚ್ (ಆಮ್ಲದ ಅಳತೆ; ಇದು ಇಳಿದಷ್ಟೂ ಆಮ್ಲ ಹೆಚ್ಚು) ಸುಮಾರು 5.5ಕ್ಕಿಂತ ಕೆಳಗಿಳಿದರೆ ಎನಾಮೆಲ್‌ನಿಂದ ಕ್ಯಾಲ್ಸಿಯಂ, ಫಾಸ್ಫೇಟ್ ಕರಗತೊಡಗುತ್ತವೆ. ಜೊಲ್ಲು ಅವನ್ನು ವಾಪಸ್ ಕೂರಿಸುತ್ತದೆ. ಜೊಲ್ಲಿನಲ್ಲಿ ಚೂರು ಫ್ಲೋರೈಡ್ ಇದ್ದರೆ ಈ ರಿಪೇರಿ ಬೇಗ ಆಗುತ್ತದೆ, ಹೊಸದಾಗಿ ಕೂತ ಖನಿಜ ಪಿಎಚ್ ಸುಮಾರು 4.5ರವರೆಗೆ ಇಳಿದರೂ ತಡೆದುಕೊಳ್ಳುತ್ತದೆ. ಇದೆಲ್ಲ ನಡೆಯುವುದು ಹಲ್ಲಿನ ಮೇಲ್ಮೈಯಲ್ಲಿ. ನುಂಗುವ ಅಗತ್ಯವೇ ಇಲ್ಲ. ಆದ್ದರಿಂದ ಉಜ್ಜಿ ಉಗುಳಿ, ಆಮೇಲೆ ಬಾಯಿ ತುಂಬ ನೀರು ಹಾಕಿ ಮುಕ್ಕಳಿಸಬೇಡಿ.

ಈ ಎರಡು ಮುಖಗಳೂ ಮೊದಲು ಕಂಡದ್ದು ಒಂದೇ ಕಡೆ. 1901ರಲ್ಲಿ ಅಮೆರಿಕದ ಕೊಲೊರಾಡೋ ಸ್ಪ್ರಿಂಗ್ಸ್‌ಗೆ ಬಂದ ದಂತವೈದ್ಯ ಫ್ರೆಡರಿಕ್ ಮೆಕೇ, ಅಲ್ಲಿನವರ ಕಂದು ಹಲ್ಲುಗಳು ಹುಳುಕಾಗುವುದು ಕಡಿಮೆ ಎಂದು ಗಮನಿಸಿದರು. ಕಾರಣ ನೀರಿನ ಫ್ಲೋರೈಡ್ ಎಂದು ಗೊತ್ತಾದದ್ದು 1931ರಲ್ಲಿ. 1945ರಲ್ಲಿ ಗ್ರ್ಯಾಂಡ್ ರ‍್ಯಾಪಿಡ್ಸ್ ನಗರ ಹುಳುಕು ತಡೆಯಲೆಂದು ನೀರಿಗೇ ಅದನ್ನು ಬೆರೆಸಿತು. ನೆಲವೇ ಬೇಕಾದಷ್ಟು ಕೊಡುವ ನಮ್ಮ ಸೀಮೆಗೆ ಆ ದಾರಿ ಖಂಡಿತ ಬೇಡ. ಇಲ್ಲಿಗೆ ಪೇಸ್ಟೇ ಸರಿ: ಮೂರರಿಂದ ಆರು ವರ್ಷದವರಿಗೆ ಬಟಾಣಿಯಷ್ಟು, ಅದೂ ದೊಡ್ಡವರ ಕಣ್ಣೆದುರಿಗೆ. ಟ್ಯೂಬ್ ಮಕ್ಕಳ ಕೈಗೆ ಸಿಗದಂತಿಡಿ. ಒಂದೇ ಸಲ ತುಂಬ ನುಂಗಿದರೆ ಹೊಟ್ಟೆನೋವು, ವಾಂತಿ ಬರುತ್ತದೆ.

ನೀರಿನ ವಿಷಯದಲ್ಲಿ ಅಂದಾಜು ನಡೆಯದು. ಅಕ್ಕಪಕ್ಕದ ಎರಡು ಬೋರ್‌ವೆಲ್‌ಗಳಲ್ಲೇ ಪ್ರಮಾಣ ಬೇರೆ ಬೇರೆ ಇರಬಹುದು. ಟ್ವಾಡ್ ಮಂಡಳಿಯ (ತಮಿಳುನಾಡು ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿ) ಜಿಲ್ಲಾ ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಿ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅದು ಹೆಚ್ಚುತ್ತದೆ. ಅಡುಗೆಯ ನೀರೂ ಲೆಕ್ಕಕ್ಕೆ ಸೇರಬೇಕು: ಮುದ್ದೆಗೆ ಎಸರಿಟ್ಟ ನೀರಿನ ಫ್ಲೋರೈಡ್ ಮುದ್ದೆಯಲ್ಲೇ ಉಳಿಯುತ್ತದೆ. ಎಳೆಗೂಸಿನ ಹಾಲುಪುಡಿ ಕಲಸಲು ಅಂಥ ನೀರು ಬೇಡವೇ ಬೇಡ. ತಾಯಿ ಆ ನೀರನ್ನೇ ಕುಡಿಯುತ್ತಿದ್ದರೂ ಎದೆಹಾಲಿಗೆ ಇಳಿಯುವ ಫ್ಲೋರೈಡ್ ತೀರಾ ಕಡಿಮೆ.

ಈಗಾಗಲೇ ಕಲೆ ಬಿದ್ದ ಹಲ್ಲನ್ನು ಇದ್ದಿಲು, ಇಟ್ಟಿಗೆ ಪುಡಿ ಹಾಕಿ ತಿಕ್ಕಬೇಡಿ. ಬಣ್ಣ ಎನಾಮೆಲ್‌ನ ಒಳಗಿದೆ. ತಿಕ್ಕಿದರೆ ಸವೆಯುವುದು ಹಲ್ಲೇ. ತೆಳು ಕಲೆಯನ್ನು ದಂತವೈದ್ಯರು ಮೇಲ್ಪದರವನ್ನು ಸ್ವಲ್ಪವೇ ಉಜ್ಜಿ ತಿಳಿಯಾಗಿಸಬಲ್ಲರು, ಗಾಢ ಕಲೆಯನ್ನು ಹಲ್ಲಿನ ಬಣ್ಣದ ಲೇಪದಿಂದ ಮುಚ್ಚಬಲ್ಲರು.